ಲೋಕಮ್ಮತ್ತಿಗೆಯ ಗ್ಯಾಸ್ ಮಾತ್ರೆ

ನಮ್ಮ ಲೋಕಮ್ಮತ್ತಿಗೆಗೆ ಒಂದು ಚಟ. ತನಗೆ ಹಿಡಿಸಿದ ಔಷಧ ಊರಿಗೆಲ್ಲ ಹಿಡಿಸಬೇಕು. ಅವಳೂರು ಉಳವಿಯಲ್ಲಿ ಯಾರಾದರೂ ಅವಳೆದುರು ತೇಗಿದರೆ ಸಾಕು, ಸೊಂಟದ ಚೀಲದಿಂದ ಗ್ಯಾಸ್ ಮಾತ್ರೆ ಹೊರಗೆ ಬರುತ್ತದೆ. ನಾಟಿಗೆ ಬಂದವರನ್ನೂ ಬಿಟ್ಟಿಲ್ಲ. ನಾನು ಅವಳ ನಾದಿನಿ, ಮದುವೆಯಾಗಿ ಸೊರಬದಲ್ಲಿರುವವಳು. ನನಗೂ ಎಷ್ಟು ಸಲ ನುಂಗಿಸಿದ್ದಾಳೋ! ಮನಸ್ಸು ಒಳ್ಳೆಯದೇ, ಇಲ್ಲವೆನ್ನುವುದಿಲ್ಲ. ಬುದ್ಧಿ ಮಾತ್ರ ಒಂದು ಬಸ್ಸು ತಡವಾಗಿ ಬರುತ್ತದೆ.

ಹೋದ ವರ್ಷ ಅವಳ ಸೊಸೆ ಕರುಣಾಳ ಮೊದಲ ಬಸಿರು ನಿಲ್ಲಲಿಲ್ಲ. ಮೊದಲೇ ಊರಿಗೆಲ್ಲ ಹೇಳಿದ್ದಕ್ಕೆ ದೃಷ್ಟಿ ತಾಗಿತು ಎಂದು ಲೋಕಮ್ಮನ ನಂಬಿಕೆ. ಅದಕ್ಕೇ ಈ ಸಲ ಮೂರು ತಿಂಗಳು ತುಂಬುವವರೆಗೆ ಯಾರೂ ಬಾಯಿ ಬಿಡಬಾರದೆಂದು ಕಟ್ಟಪ್ಪಣೆ. ಸೊರಬದಲ್ಲಿ ತೋರಿಸಿದರೆ ಗುರುತಿನವರು ಕಾಣುತ್ತಾರೆಂದು ಸೊಸೆಯನ್ನು ಶಿಕಾರಿಪುರದ ಡಾಕ್ಟರಮ್ಮನ ಬಳಿ ಕರೆದೊಯ್ದಳು. ಅವರು ಫೋಲಿಕ್ ಆಸಿಡ್ ಮಾತ್ರೆ ಕೊಟ್ಟು, ಸ್ಕ್ಯಾನಿಂಗಿಗೆ ಮತ್ತೆ ಬನ್ನಿ ಎಂದು ಕಳಿಸಿದರು.

ಆಮೇಲೆ ಕರುಣಾಗೆ ಎದೆಯುರಿ ಶುರುವಾಯಿತು. ಗಂಜಿ ಕುಡಿದರೂ ಹುಳಿತೇಗು. ಲೋಕಮ್ಮ ಸುಮ್ಮನಿರುತ್ತಾಳೆಯೇ? ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ತನ್ನ ಮಾತ್ರೆ ನುಂಗಿಸಿದಳು. ಅದು ಮುಗಿದು ಮತ್ತೆ ತರಲು ಹೋದಾಗ ಮೆಡಿಕಲ್ ಶಾಪಿನವನು "ಯಾರಿಗಮ್ಮಾ?" ಎಂದ. "ನಂಗೇ ಮಾರಾಯ" ಎಂದಳು. ನಿಜ ಹೇಳಿದ್ದರೆ ಅವನಾದರೂ ಡಾಕ್ಟರನ್ನು ಕೇಳಿ ಎನ್ನುತ್ತಿದ್ದ.

ಬರುವಾಗ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಇನ್ಯಾರದೋ ಸುದ್ದಿ ಹೇಳುತ್ತ, "ಮೊದಲ ತಿಂಗಳಲ್ಲಿ ಕಂಡ್ ಕಂಡ್ ಮಾತ್ರೆ ನುಂಗಿದ್ರೆ ಮಗೀಗೆ ಕೈಕಾಲು ಸರಿ ಬೆಳ್ಯಲ್ಲಂತೆ" ಎಂದಳು. ಲೋಕಮ್ಮ ಮನೆಗೆ ಬಂದವಳೇ, "ಇನ್ನು ಯಾವ ಮಾತ್ರೆನೂ ಬ್ಯಾಡ. ಡಾಕ್ಟ್ರು ಕೊಟ್ಟಿದ್ದೂ ಬ್ಯಾಡ" ಎಂದು ಗದರಿದಳು. ಕಾರಣ ಹೇಳಲಿಲ್ಲ. ಎದೆಯುರಿಗೆ ಆ ಹುಡುಗಿ ಊಟ ಬಿಟ್ಟಳು, ಭಯಕ್ಕೆ ಇವಳು ನಿದ್ದೆ ಬಿಟ್ಟಳು.

ಕೊನೆಗೆ ನನ್ನ ಮನೆಗೆ ಬಂದು ಗೋಳೋ ಎಂದು ಅತ್ತಳು. "ನಾನೇ ಕೈಯಾರೆ ಕೊಟ್ನಲ್ಲೇ! ಮಗೀಗೆ ಏನಾರು ಆದ್ರೆ ಅರುಣಂಗೆ ಯಾವ ಮುಖ ತೋರ್ಸಲಿ?" ಅರುಣ ಅವಳ ಮಗ.

ನನಗೆ ಸಿಟ್ಟು ನೆತ್ತಿಗೇರಿತು. "ದೃಷ್ಟಿಗೆ ಹೆದರಿ ಅಂಗಡಿಯವಂಗೆ ಸುಳ್ಳು ಹೇಳ್ದೆ, ಈಗ ಡಾಕ್ಟ್ರಿಗೂ ಬಾಯಿ ಬಿಡ್ದೆ ಕೂತಿದೀಯಲ್ಲ ಅತ್ತಿಗೆ, ಎಂಥಾ ಹೆಂಗ್ಸು ಮಾರಾಯ್ತಿ ನೀನು! ನಾಳೆನೇ ಹೊರಡು."

ಮರುದಿನ ಮೂವರೂ ಶಿಕಾರಿಪುರಕ್ಕೆ ಹೋದೆವು. ಲೋಕಮ್ಮ ಉಳಿದ ಗ್ಯಾಸ್ ಮಾತ್ರೆಗಳನ್ನು ಮೇಜಿನ ಮೇಲಿಟ್ಟಳು. "ತಪ್ಪು ನಂದ್ರೀ. ಅವಳಿಗೆ ಬಯ್ಯಬ್ಯಾಡ್ರಿ."

ಡಾಕ್ಟರಮ್ಮ ಮಾತ್ರೆಯ ಹೆಸರು ಓದಿದರು. "ಇದನ್ನ ತಗೊಂಡ ಎಷ್ಟೋ ಜನ ಬಸುರೀರನ್ನ ಪರೀಕ್ಷೆ ಮಾಡಿ ನೋಡಿದಾರೆ. ಇದ್ರಿಂದ ಮಕ್ಕಳಿಗೆ ಊನ ಜಾಸ್ತಿ ಆಗಿದ್ದು ಕಂಡಿಲ್ಲ. ಹಂಗಂತ ಕೇಳದೆ ಕೊಡಬಾರದಮ್ಮ, ಗ್ಯಾಸ್ ಮಾತ್ರೆ ಎಲ್ಲಾ ಒಂದೇ ಅಲ್ಲ. ಮತ್ತೆ ನಾನು ಕೊಟ್ಟಿದ್ದು ನುಂಗ್ತಿದಾರಾ?"

"ಅದನ್ನೂ ಬಿಡ್ಸಿದೆ" ಎಂದಳು ಲೋಕಮ್ಮ.

ಡಾಕ್ಟರಮ್ಮನ ದನಿ ಬಿಗಿಯಾಯಿತು. "ಅದನ್ಯಾಕೆ ಬಿಡ್ಸಿದ್ರಿ? ಮಗುವಿನ ಬೆನ್ನುಹುರಿ ಸರಿಯಾಗಿ ಬೆಳೆಯೋಕೆ ಬೇಕಾಗಿದ್ದೇ ಅದು!"

ಸ್ಕ್ಯಾನಿಂಗ್ ಮಾಡಿ ಮಗುವಿನ ಎದೆಬಡಿತ ಚೆನ್ನಾಗಿದೆ ಎಂದರೂ ಲೋಕಮ್ಮನ ಮುಖಕ್ಕೆ ಕಳೆ ಬರಲಿಲ್ಲ.

ಆಗ ಕರುಣಾ ಮೆಲ್ಲಗೆ ಹೇಳಿದಳು: "ಅತ್ತೆ, ಡಾಕ್ಟ್ರು ಕೊಟ್ಟಿದ್ದು ನಾ ಬಿಟ್ಟಿಲ್ಲ. ಕದ್ದು ದಿನಾ ನುಂಗಿದೀನಿ."

"ಅಯ್ಯೋ ನನ್ ಬಂಗಾರ! ಒಂದ್ ಮಾತು ಹೇಳ್ಬಾರದಾಗಿತ್ತನೇ? ಜೀವ ಹೋಗದೊಂದು ಬಾಕಿ ಇತ್ತಲ್ಲೇ ನಂಗೆ!"

"ಹೆಂಗೆ ಹೇಳ್ಲಿ? ನಿಮ್ಮನ್ ಕಂಡ್ರೆ ಭಯ ಆಗ್ತದೆ ಅತ್ತೆ."

ಲೋಕಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ, "ಇನ್ನು ಎಂತದಿದ್ರೂ ಅವಳಿಗೇ ಹೇಳ್ರಿ ಡಾಕ್ಟ್ರೇ. ನಾ ಹೊರಗೆ ಕೂರ್ತೀನಿ" ಎಂದು ಎದ್ದು ಹೋದಳು.

ಬಾಗಿಲು ಮುಚ್ಚಿದ ಮೇಲೆ ಕರುಣಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಎದೆಯುರಿಗೆ ಏನು ಮಾಡಲಿ ಎಂದು ತಾನೇ ಕೇಳಿದಳು.