ಗುಂಜಹಳ್ಳಿಯಲ್ಲಿ ಇಲ್ಲದ ಹೆಂಗಸು

ನಮ್ಮವ್ವ ತೀರಿಕೊಂಡ ಮೇಲೆ ತಂಗಿಗೆ ತವರೆಂದರೆ ನಾನೇ. ಅವಳನ್ನು ದೇವದುರ್ಗಕ್ಕೆ ಕೊಟ್ಟಿದೆ. ನಾನು ಮಾನ್ವಿಯಲ್ಲಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದು ಕೊಡುತ್ತೇನೆ. ಓದಿದ್ದು ನಾಲ್ಕನೆಯ ತರಗತಿ. ಸುಳ್ಳು ಹೇಳಲು ಅಷ್ಟು ಓದು ಸಾಕಾಯಿತು.

ತಂಗಿಯ ಮೊದಲ ಹೆರಿಗೆ ಆಪರೇಷನ್ ಆಗಿತ್ತು. ಎರಡನೆಯದಕ್ಕೆ ದಿನ ತುಂಬುತ್ತ ಬಂದಾಗ ರಾಯಚೂರಿನ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ನಿಧಾನವಾಗಿ ಹೇಳಿದರು: "ಹಿಂದಿನ ಸಲ ಕೂಸಿನ ಕಾಲು ಕೆಳಗಿದ್ವು, ಅದಕ್ಕ ಕೊಯ್ಯಬೇಕಾತು. ಈ ಸಲ ತಲಿ ಕೆಳಗದ. ತಾನಾಗಿ ನೋವು ಬಂದ್ರ ನೋಡಬಹುದು. ಹಳೇ ಹೊಲಿಗಿ ಬಿಡೋ ಅಪಾಯ ಸ್ವಲ್ಪ ಇರ್ತದ, ಇಲ್ಲ ಅನ್ನಂಗಿಲ್ಲ. ಅದಕ್ಕ ಕಡೀ ವಾರಗಳಾಗ ಇಲ್ಲೇ ಊರಾಗ ಇರಬೇಕು. ಬ್ಯಾಡಂದ್ರ ದಿನ ಗೊತ್ತು ಮಾಡಿ ಆಪರೇಷನ್ ಮಾಡ್ತೀವಿ. ಅದರಾಗೂ ಅದರ ತೊಂದ್ರಿ ಇರ್ತಾವ. ನೀವು ವಿಚಾರ ಮಾಡಿ ಹೇಳ್ರಿ."

ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ತಂಗಿಯ ಮುಖ ಅರಳಿತ್ತು. "ಅಕ್ಕಾ, ಹಿಂದಿನ ಸಲ ಕೂಸಿನ್ನ ಎತ್ತಿಕೊಳ್ಳಾಕೂ ಆಗಿರಲಿಲ್ಲ. ಈಗ ಮನ್ಯಾಗ ಒಂದು ಹುಡುಗ ಬ್ಯಾರೆ ಅದ. ನೋವು ಬರೋತನಕ ಕಾಯ್ತೀನಿ. ಇಲ್ಲೊಂದು ಖೋಲಿ ಹಿಡಿದ್ರ ನೀ ಜೊತಿಗಿರ್ತಿಯಲ್ಲ?"

ಅವಳ ಗಂಡನಿಗೆ ಗೊಬ್ಬರದ ಅಂಗಡಿಯ ಸೀಜನ್ನು. ಅವಳ ಅತ್ತೆಯದು ಒಂದೇ ಮಾತು, "ಬಾಣಂತನ ತವರವರದು". ಎರಡು ಮನೆಗಳಲ್ಲಿ ಇಷ್ಟು ಜನ ಇದ್ದೆವು, ಒಂದು ಬಸುರಿಯ ಪಕ್ಕದಲ್ಲಿ ಕೆಲವು ವಾರ ಕೂಡಲು ಒಬ್ಬರಿಗೂ ಬಿಡುವಿರಲಿಲ್ಲ. ಥೂ ನಮ್ಮ ಜನ್ಮಕ್ಕೆ. ನನಗೂ ಆಗಷ್ಟೇ ಹೊಸದೊಂದು ಖಾನಾವಳಿಯ ರೊಟ್ಟಿ ಸಿಕ್ಕಿತ್ತು. ನಾನು ಬಿಟ್ಟರೆ ಹಿಂದಿನ ಓಣಿಯವಳು ಹಿಡಿಯುತ್ತಿದ್ದಳು.

ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಒಳ್ಳೆಯ ಅಕ್ಕ ಅನ್ನಿಸಿಕೊಳ್ಳುವ ಚಟ. "ಬ್ಯಾಡಬೇ," ಎಂದೆ. "ಗುಂಜಳ್ಳ್ಯಾಗ ಒಬ್ಬಾಕಿ ಹಿಂಗ ನೋವಿಗೆ ಕಾದು ಕುಂತ್ಲಂತ. ಹೊಲಿಗಿ ಬಿಚ್ಚಿ, ದವಾಖಾನಿ ಬಾಗಲದಾಗ ಜೀವ ಬಿಟ್ಲು." ಗುಂಜಹಳ್ಳಿಯಲ್ಲಿ ಅಂಥವಳು ಯಾರೂ ಇರಲಿಲ್ಲ. ಆ ಊರಿನ ಬಸ್ಸು ಎದುರಿಗೆ ನಿಂತಿತ್ತು, ಬೋರ್ಡು ಓದಿ ಹೇಳಿದ್ದೆ.

ತಂಗಿಯ ಕೈಯಲ್ಲಿ ಚಹಾ ಆರಿಹೋಯಿತು. ಆಮೇಲೆ ದಿನ ಗೊತ್ತಾಯಿತು, ಆಪರೇಷನ್ ಆಯಿತು, ಹೆಣ್ಣು ಕೂಸು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು. ಬಾಣಂತನ ಮಾನ್ವಿಯ ನನ್ನ ಮನೆಯಲ್ಲೇ. ಹಿರಿಯ ಹುಡುಗ ಮಾತ್ರ ಎತ್ತಿಕೋ ಎಂದು ಅತ್ತು ಅತ್ತು ಮಂಚದ ಕಾಲಿಗೆ ಒರಗಿ ನಿದ್ದೆ ಹೋಗುತ್ತಿದ್ದ. ಅವನ ತಲೆ ಸವರಲು ಬಗ್ಗಿದರೆ ತಂಗಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ನಾನು ನಸುಕಿನಲ್ಲಿ ರೊಟ್ಟಿ ಬಡಿದು ಕೊಟ್ಟು, ಮಧ್ಯಾಹ್ನ ಮನೆಗೆ ಬಂದು ಕೂಸಿಗೆ ನೀರೆರೆಯುತ್ತಿದ್ದೆ. "ಅಕ್ಕ ಎಷ್ಟು ಮಾಡ್ತಾಳ ನೋಡ್ರಿ," ಎಂದು ಓಣಿ ಹೊಗಳುತ್ತಿತ್ತು. ನಾನು ಹೊಗಳಿಸಿಕೊಳ್ಳುತ್ತಿದ್ದೆ.

ಮೊನ್ನೆ ಆ ಕೂಸಿನ ಜವಳ ತೆಗೆಸಿದರು. ನಾನೂ ದೇವದುರ್ಗಕ್ಕೆ ಹೋದೆ. ತಂಗಿಯ ಮೈದುನನ ಹೆಂಡತಿಗೆ ಈಗ ಎರಡನೆಯದು, ಮೊದಲನೆಯದು ಆಪರೇಷನ್ನೇ. ಡಾಕ್ಟರು ಅವಳಿಗೂ ಎರಡು ದಾರಿ ಹೇಳಿದ್ದರಂತೆ. ಅವಳ ತಾಯಿ ರಾಯಚೂರಿನಲ್ಲಿ ಜೊತೆಗಿರಲು ತಯಾರಾಗಿದ್ದಳು.

"ಬ್ಯಾಡವಾ," ಎಂದಳು ನನ್ನ ತಂಗಿ. "ಗುಂಜಳ್ಳ್ಯಾಗ ಒಬ್ಬಾಕಿ ಸತ್ಲು. ಆಕಿ ಕೂಸು ಹಾಲಿಲ್ದ ಅಳತಿತ್ತಂತ. ಗಂಡ ಹೊಸ್ತಿಲ ಮ್ಯಾಲ ತಲಿ ಬಡಕೊಂಡನಂತ. ಕೇಳಬೇಕಾದ್ರ ನಮ್ಮಕ್ಕನ್ನ ಕೇಳು."

ಕೂಸಿನ ಮಾತು ನಾನು ಹೇಳಿರಲಿಲ್ಲ, ಗಂಡನ ಮಾತೂ ಹೇಳಿರಲಿಲ್ಲ. ಇಷ್ಟು ದಿನ ನನ್ನ ತಂಗಿ ಆ ಹೆಂಗಸಿಗೆ ಒಂದು ಸಂಸಾರ ಕಟ್ಟಿಕೊಟ್ಟು ಮರುಗಿದ್ದಳು. ಬಸುರಿಯ ಕಣ್ಣಲ್ಲಿ ಅದೇ ಹಳೆಯ ಹೆದರಿಕೆ ಕಂಡಿತು. ನನ್ನ ಮೈ ಉರಿಯಿತು.

"ಆಕಿ ಇಲ್ಲ," ಎಂದೆ. "ಇದ್ದಿದ್ದೂ ಇಲ್ಲ. ನಾನ ಹುಟ್ಟಿಸಿದ್ದು. ರೊಟ್ಟಿ ಬಿಟ್ಟು ಬರಾಕ ಮನಸ್ಸಿರಲಿಲ್ಲ ನನಗ."

ತಂಗಿಯ ಗಂಡ ನಕ್ಕ. "ಹೋಗ್ಲಿ ಬಿಡ್ರಿ ಅಕ್ಕಾರ, ಎಲ್ಲಾ ಚಲೋನ ಆತಲ್ಲ." ಅಂಗಡಿ ಬಿಟ್ಟು ಒಂದು ದಿನ ಬಾರದವನು! ಅವನ ಬಾಯಿಗೆ ಬಡಿಯಬೇಕೆನಿಸಿತು. ಬಡಿಯಲು ನನಗೆ ಯಾವ ಮುಖವಿತ್ತು?

ತಂಗಿ ಅಳಲಿಲ್ಲ. "ಬರಾಕ ಆಗಂಗಿಲ್ಲ ಅಂದಿದ್ರ ಸಾಕಿತ್ತಲ್ಲಬೇ," ಎಂದಳು. "ನಾ ಆಪರೇಷನ್ನ ಬೇಕು ಅಂತಿದ್ದೆನೇನೋ. ಆದ್ರ ಅದನ್ನ ನಾನಾಗೇ ಅಂತಿದ್ದೆ."

ಬಸುರಿ ನನ್ನ ತಂಗಿಯನ್ನು ಕೇಳಿದಳು: "ಹಂಗಾರ ನಾ ಏನು ಮಾಡ್ಲಿ, ಅಕ್ಕಾ?"

"ನನ್ನ ಕೇಳಬ್ಯಾಡ. ಡಾಕ್ಟರಮ್ಮಗ ಕೇಳೋದೆಲ್ಲಾ ಕೇಳು, ಆಮ್ಯಾಲ ನಿನಗ ಹ್ಯಾಂಗ ಅನ್ನಿಸ್ತದ ಹಂಗ ಮಾಡು. ಯಾರರ ಬಂದು ಸತ್ತಾಕಿ ಕಥಿ ಹೇಳಿದ್ರ, ಆಕಿ ಹೆಸರೇನು ಅಂತ ಮೊದಲ ಕೇಳು." ತಂಗಿಯ ಮಾತು ಅವಳಿಗೆ, ನೋಟ ನನ್ನ ಮೇಲೆ.