ಒಂದು ಚಮಚ ಮೊಳಕೆ ಹಿಟ್ಟು

ಬೆಳಿಗ್ಗೆ ಮೊಳಕೆ ರಾಗಿ ಹುರಿಯುತ್ತಿದ್ದೆ. ಆ ಘಮ ಮೂಗಿಗೆ ಬಡಿದದ್ದೇ ತಡ, ಒಲೆಯ ಮುಂದಿದ್ದೂ ಇಲ್ಲದವಳಾದೆ. ಮೇಜಿನ ಮೇಲೆ 'ಪೋಷಣಾ ವಿಜ್ಞಾನ ಕಟ್ಟಿದ ಹೆಂಗಸರು' ಎಂಬ ಭಾಷಣ ಅರ್ಧಕ್ಕೇ ನಿಂತಿತ್ತು. ನನ್ನಂಥ ರಿಟೈರಾದ ಮೇಡಮ್ಮಿಗೆ ಭಾಷಣವೆಂದರೆ ಹಬ್ಬ, ನಿಮಗೆ ಗೊತ್ತಲ್ಲ! ಆದರೆ ಮನಸ್ಸು ಆಗಲೇ ಬೆಟ್ಟದಪುರದ ಬಸ್ಸು ಹತ್ತಿತ್ತು.

ವಿದ್ಯಾರ್ಥಿನಿಯಾಗಿದ್ದಾಗ, ಮಕ್ಕಳ ತೂಕ ನೋಡಲು ಹೋಗಿ ಅಲ್ಲಿ ಪುಟ್ಟತಾಯಮ್ಮನವರ ಮನೆಯಲ್ಲಿ ಉಳಿದಿದ್ದೆ. ಅವರ ಮಗಳ ಕೂಸು, ವರ್ಷದ ಹೆಣ್ಣುಮಗು, ಅಳಲೂ ತ್ರಾಣವಿಲ್ಲದೆ ಮಲಗಿರುತ್ತಿತ್ತು. ನಾನೋ ಮಹಾ ಪಂಡಿತೆ! ರಾಗಿ ಗಂಜಿ ಕಾಯಿಸಿದೆ. ಗಟ್ಟಿಯಾಯಿತು, ಮಗು ಉಗುಳಿತು. ನೀರು ಬೆರೆಸಿದೆ. ಹೊಟ್ಟೆ ತುಂಬಿತು, ಮೈ ತುಂಬಲಿಲ್ಲ. ವಾರ ಕಳೆದರೂ ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲ.

"ನೀರ್ ಕುಡ್ಸಿ ಕೂಸ್ ಬೆಳುಸ್ತೀಯಾ? ಅತ್ಲಾಗ್ ಸರಿ ಮಗಾ," ಅಂದರು ಪುಟ್ಟತಾಯಮ್ಮ. ಗಟ್ಟಿ ಗಂಜಿಯನ್ನು ಇಳಿಸಿ, ಬೆರಳು ತಾಳುವಷ್ಟು ಆರಿಸಿ, ಮೊಳಕೆ ರಾಗಿಯ ಹಿಟ್ಟು ಒಂದೇ ಚಮಚ ಹಾಕಿ ತಿರುವಿದರು. ಅಬ್ಬಾ, ಹನಿ ನೀರು ಸೋಕಿಸದೆ ಗಂಜಿ ತಾನಾಗಿಯೇ ಸಡಿಲವಾಗಿ ಹರಿಯತೊಡಗಿತು. ಆ ಹಬೆಯಲ್ಲಿ ಅವರ ಕೈ ಸುತ್ತುವುದನ್ನೇ ನೋಡುತ್ತ ಎಷ್ಟು ಹೊತ್ತು ನಿಂತಿದ್ದೆನೋ. ಇನ್ನೊಂದು ಕುದಿ ಕೊಟ್ಟು, ಆರಿಸಿ ಕುಡಿಸಿದರು. ಮಗು ಬಟ್ಟಲು ಖಾಲಿ ಮಾಡಿತು. ತಿಂಗಳೆರಡರಲ್ಲಿ ಕೆನ್ನೆ ತುಂಬಿತು.

ಆ ಚಮಚದಿಂದಲೇ ನನಗೆ ಪದವಿ ಬಂತು, ಅಂಗನವಾಡಿಗಳಿಗೆಲ್ಲ ಹೋದ ಒಂದು ಪುಸ್ತಕವೂ ಬಂತು. ಅದರಲ್ಲಿ ನಾನು ಬರೆದದ್ದು 'ಸ್ಥಳೀಯ ಮಹಿಳೆಯರ ರೂಢಿ' ಎಂದಷ್ಟೇ. ಇವತ್ತಿನ ಭಾಷಣದ ಪಟ್ಟಿಯಲ್ಲೂ ಕೊನೆಗೆ ನನ್ನ ಹೆಸರು ತೂರಿಸಿದ್ದೇನೆ, ಅವರದು ಇಲ್ಲ. ಥೂ, ನನಗೇ ಅಸಹ್ಯವಾಯಿತು. ಒಲೆ ಆರಿಸಿ ಬೆಟ್ಟದಪುರಕ್ಕೆ ಫೋನ್ ಮಾಡಿದೆ. ಆ ಕೂಸೇ, ಈಗ ಎರಡು ಮಕ್ಕಳ ತಾಯಿ, ಫೋನೆತ್ತಿ ಅಜ್ಜಿಯ ಕೈಗೆ ಕೊಟ್ಟಳು.

"ಅವ್ವಾ, ತಪ್ಪಾಯ್ತು. ಪುಸ್ತಕದಲ್ಲಿ ನಿಮ್ಮ ಹೆಸರು ಬರೀಲಿಲ್ಲ ನಾನು."

"ಗೊತ್ತು ಕಣ್ ಮಗಾ. ಅಂಗನವಾಡಿ ಟೀಚರಮ್ಮನ್ ಕೈಲಿ ಪೂರ್ತಿ ಓದುಸ್ದೆ. ನನ್ನೆಸ್ರು ಈಗ ಬತ್ತದೆ, ಆಗ ಬತ್ತದೆ ಅಂತ ಕೊನೇಗಂಟ ಕೂತ್ಕಂಡ್ ಕೇಳ್ದೆ."

ಭಾಷಣದ ಹಾಳೆ ಎಳೆದುಕೊಂಡು, ನನ್ನ ಹೆಸರು ಹೊಡೆದುಹಾಕಿ, ಮೇಲೆ ಒಂದು ಸಾಲು ಬರೆದೆ.

"ಈಗ ಬರ್ದಿದ್ದೀನವ್ವ."

"ಏನಂತ? ಓದು."

"ಮಗುವಿನ ಗಂಜಿಯನ್ನು ಮೊಳಕೆ ಹಿಟ್ಟಿನಿಂದ ಸಡಿಲಿಸುವುದನ್ನು ನನಗೆ ಕಲಿಸಿದವರು ಬೆಟ್ಟದಪುರದ ಪುಟ್ಟತಾಯಮ್ಮ."



"ಇರು, ಎಲ್ರುನೂ ಕರೀತೀನಿ," ಅಂದರು. "ಇನ್ನೊಂದ್ ಕಿತ ಓದು. ಜೋರಾಗ್ ಓದು."