ವೈನಿ ಆರಿಸಿದ ಕವಚ

ಅಣ್ಣನ ಮದುವೆಯಾಗಿ ನಿಪ್ಪಾಣಿಯಿಂದ ವೈನಿ ನಮ್ಮ ಮನೆಗೆ ಬಂದಾಗ ನಾನು ಅಥಣಿಯಲ್ಲಿ ಕಾಲೇಜು ಓದುತ್ತಿದ್ದೆ. ಓದಿಗಿಂತ ಕಂಪ್ಯೂಟರಿನಲ್ಲಿ ಸೂಪರ್‌ಹೀರೋ ಆಟದ ಹುಚ್ಚೇ ಜಾಸ್ತಿ. ಹೊಡೆಯಲು ಒಂದು ಶಕ್ತಿ, ಏಟು ತಡೆಯಲು ಇನ್ನೊಂದು. ಎರಡನ್ನೂ ಬೆರೆಸಿ ನಮ್ಮದೇ ವೀರರನ್ನು ಕಟ್ಟಿ, ಆನ್‌ಲೈನಿನಲ್ಲಿ ಕಾದಾಡಬೇಕು. ನಾನು ಬೆಂಕಿಯ ಕೈಗೆ ಬೆಂಕಿಯ ಮೈಯನ್ನೇ ಕೊಡುತ್ತಿದ್ದೆ. ನೋಡಲು ಭಾರಿ, ಮೂರೇ ಏಟಿಗೆ ಅಂಗಾತ!

ಒಂದು ಮಧ್ಯಾಹ್ನ ಹಿಂದೆ ನಿಂತು ನೋಡುತ್ತಿದ್ದ ವೈನಿ ನಕ್ಕುಬಿಟ್ಟರು.

“ನಿಮ್ಮ ತ್ವಾಟದಾಗ ದ್ರಾಕ್ಷಿ ಹೆಂಗ ಹಚ್ಚತಾರ ನೋಡಿಲ್ಲೇನ? ಮೊದಲ ಕಾಡುಬೇರು ಹಚ್ಚಿ, ಅದು ಮಣ್ಣು ಹಿಡದ ಮ್ಯಾಲ ಕಸಿ ಕಟ್ಟತಾರ. ನೀ ಬೇರ ಇಲ್ದ ಹಣ್ಣ ಹುಡಕಾಕತ್ತಿ.”

ದ್ರಾಕ್ಷಿ ಬೆಳೆಯುವವರ ಮಗಳು ನಾನು, ತಂಬಾಕು ಬೆಳೆಯುವ ನಿಪ್ಪಾಣಿಯವರು ಬಂದು ನನಗೆ ಕಸಿ ಕಲಿಸುವುದೇ? ಎರಡು ದಿನ ಮುಖ ಊದಿಸಿಕೊಂಡೆ. ಮೂರನೆಯ ದಿನ ನಾನೇ ಅವರನ್ನು ಕೈಹಿಡಿದು ಕುರ್ಚಿಗೆ ಎಳೆದೆ. ಅಂದಿನಿಂದ ಬೇರಿನಂತೆ ಮೊದಲು ಏಟು ತಡೆಯುವ ಕವಚ ಅವರು ಆರಿಸುವುದು, ಆಮೇಲೆ ಆಯುಧ ನಾನು. ಹಿಮದ ಮೈಗೆ ಸಿಡಿಲಿನ ಕೈ, ಬಂಡೆಯ ಮೈಗೆ ಬಿಲ್ಲು. ನಾವು ಕಟ್ಟಿದ ಒಬ್ಬಳಂತೂ ವೈರಿಗಳು ಸುತ್ತುವರಿದಷ್ಟೂ ಗಟ್ಟಿಯಾಗುತ್ತಿದ್ದಳು. ಆಟ ರಂಗೇರಿದರೆ ವೈನಿ ಕನ್ನಡ ಬಿಟ್ಟು ಮರಾಠಿಯಲ್ಲಿ ಬೈಯುತ್ತಿದ್ದರು. ಅವ್ವ ಅಡುಗೆಮನೆಯಿಂದ ಇಬ್ಬರಿಗೂ ಸೇರಿಸಿ ಬೈಯುತ್ತಿದ್ದಳು.

ಅಣ್ಣನಿಗೂ ಅವರಿಗೂ ಯಾಕೆ ಕೂಡಿಬರಲಿಲ್ಲವೋ, ನನಗೆ ಯಾರೂ ಹೇಳಲಿಲ್ಲ. ಮೂರನೆಯ ವರ್ಷ ತವರಿಗೆ ಹೋದವರು ತಿರುಗಿ ಬರಲಿಲ್ಲ. ಮನೆಯಲ್ಲಿ ಅವರ ಹೆಸರೆತ್ತುವುದು ನಿಂತಿತು. ನಾನು ಮಾತ್ರ ಆಟ ತೆರೆದಾಗಲೆಲ್ಲ, ಒಬ್ಬಳೇ ಏನು ಕಟ್ಟಿದರೂ ಅಳಿಸಿಬಿಡುತ್ತಿದ್ದೆ. ಅವರು ಬೇಕಿತ್ತು ನನಗೆ. ಈಗಲೂ ಬೇಕು.

ಚಿಕ್ಕೋಡಿ ಕೋರ್ಟಿನಲ್ಲಿ ಅವರ ವಿಚ್ಛೇದನದ ಕೊನೆಯ ತಾರೀಖು ಬಂದಾಗ, ಅವರನ್ನು ನೋಡುವ ಆಸೆಗೇ ಅಣ್ಣನ ಬೆನ್ನುಹತ್ತಿ ಹೋದೆ. “ಅಕಿ ಕೂಡ ಮಾತಾಡಬ್ಯಾಡ,” ಎಂದು ಅವ್ವ ಮೊದಲೇ ತಾಕೀತು ಮಾಡಿದ್ದಳು. ಕೋರ್ಟಿನ ಪಡಸಾಲೆಯಲ್ಲಿ ನನ್ನನ್ನು ಕಂಡದ್ದೇ ವೈನಿ ನೆಟ್ಟಗೆ ನನ್ನ ಹತ್ತಿರ ಬಂದರು.

“ಆಟದಾಗ ಹೊಸಬರನ್ನ ಯಾರನರೆ ಕಟ್ಟೀಯೇನ?”

ನೀವಿಲ್ಲದೆ ಒಂದೂ ಆಗಿಲ್ಲರಿ ಎಂಬ ಮಾತು ಬಾಯಿಗೆ ಬಂದಿತ್ತು. ಪಕ್ಕದಲ್ಲಿ ಅಣ್ಣ ನಿಂತಿದ್ದ. ನಾನು ತಲೆ ತಗ್ಗಿಸಿ ಮೊಬೈಲು ನೋಡತೊಡಗಿದೆ.

“ಇರ್ಲಿ ಬಿಡ,” ಎಂದು ನನ್ನ ತಲೆ ಸವರಿ, ಎದುರು ಬೆಂಚಿಗೆ ಹೋಗಿ ಕೂತರು.